ಹಳೆಯ ತಾಮ್ರದ ಹೂಜಿ ಕೊಳ್ಳುವ ಮೊದಲು ಅದರ ಹಿಡಿಕೆ ನೋಡಿ

ಪ್ರಶ್ನೆ: ನಾನು ಜಮಖಂಡಿಯವಳು. ಹೋದ ವಾರ ಬೆಳಗಾವಿಯ ಹಳೇ ಸಾಮಾನಿನ ಅಂಗಡಿಯೊಂದರಲ್ಲಿ ಹಿಡಿಕೆ ಇರುವ ತಾಮ್ರದ ಹೂಜಿ ನೋಡಿದೆ. ಒಂದು ಕಡೆ ಬಾಗಿದ ಉದ್ದ ಮೂತಿ, ಮೇಲೆ ಮುಚ್ಚಳ, ತೂಕ ಸುಮಾರು 1.8 ಕಿಲೋ. ಅಂಗಡಿಯವರು "ಆದಿಲ್‌ಶಾಹಿ ಕಾಲದ್ದರೀ, ನೂರೈವತ್ತು ವರ್ಷ ಆಗೇದ" ಅಂದರು. 14,000 ರೂಪಾಯಿ ಹೇಳಿದರು. ಪಕ್ಕದಲ್ಲೇ ನೀಲಿ ಅಂಚಿನ ಬಿಳಿ ಎನಾಮಲ್ ಜಗ್ಗು ಇತ್ತು, ಅದಕ್ಕೆ 1,800. ನಮ್ಮ ಅಜ್ಜಿಯ ಮನೆಯಲ್ಲಿ ಅಂಥದ್ದೇ ಇತ್ತು. ತಾಮ್ರದ್ದನ್ನು ಅಮೆರಿಕದಲ್ಲಿರುವ ತಂಗಿಗೆ ಕೊಡಬೇಕು ಅಂತ ಆಸೆ. ಅದು ನಿಜವಾಗಿ ಹಳೆಯದಾ? ಅದರಲ್ಲಿ ನೀರು ಕುಡಿಯಬಹುದಾ? ಬೆಲೆ ಸರಿಯಾ?

ಉತ್ತರ: ಮೊದಲು ಲೆಕ್ಕ ನೋಡೋಣ. ಔರಂಗಜೇಬ ವಿಜಯಪುರವನ್ನು ಗೆದ್ದು ಆದಿಲ್‌ಶಾಹಿ ಆಳ್ವಿಕೆ ಮುಗಿದದ್ದು 1686ರಲ್ಲಿ. ಅದಾಗಿ 330 ವರ್ಷ ದಾಟಿದೆ. ನೂರೈವತ್ತು ವರ್ಷದ ಹಿಂದೆ ಅಂದರೆ ಬೆಳಗಾವಿ, ವಿಜಯಪುರ ಎರಡೂ ಬ್ರಿಟಿಷರ ಮುಂಬೈ ಪ್ರಾಂತ್ಯದಲ್ಲಿದ್ದವು. ಅಂಗಡಿಯವರು ಒಂದೇ ಉಸಿರಿನಲ್ಲಿ ಹೂಜಿಗೆ ಎರಡು ವಯಸ್ಸು ಹೇಳಿಬಿಟ್ಟಿದ್ದಾರೆ.

ಅವರು ಮೋಸಗಾರರು ಅಂತ ನಾನು ಹೇಳುತ್ತಿಲ್ಲ. ಅವರಿಗೆ ಮಾಲು ಕೊಟ್ಟವರು ಹೇಳಿದ ಕತೆಯನ್ನೇ ಅವರು ನಿಮಗೆ ದಾಟಿಸಿರುತ್ತಾರೆ. ಈ ಭಾಗದಲ್ಲಿ ಹಳೇ ಪಾತ್ರೆಗೆ ಎರಡು ಕತೆ ಅಂಟಿಕೊಂಡಿರುತ್ತವೆ. ಒಂದು ಆದಿಲ್‌ಶಾಹಿ, ಇನ್ನೊಂದು ಮುಳುಗಡೆ. ಆಲಮಟ್ಟಿ ಹಿನ್ನೀರಿಗಾಗಿ ಹಳೇ ಬಾಗಲಕೋಟೆಯ ಮನೆಗಳು ಖಾಲಿಯಾಗಿ ಜನ ನವನಗರಕ್ಕೆ ಬಂದಾಗ ಅಟ್ಟದ ಮೇಲಿದ್ದ ಹಂಡೆ, ಕೊಡ, ಜಗ್ಗು ಎಷ್ಟೋ ತೂಕಕ್ಕೆ ಹೋದವು. ಅದು ನಿಜ. ಆದರೆ ಈಗ ಮಾರಾಟಕ್ಕಿರುವ ಪ್ರತಿಯೊಂದು ತಾಮ್ರದ ಪಾತ್ರೆಯೂ "ಮುಳುಗಡೆ ಮನೀದರೀ" ಆಗಿಬಿಟ್ಟಿದೆ. ಅಷ್ಟು ಪಾತ್ರೆ ಇಡುವಷ್ಟು ಅಟ್ಟ ಆ ಊರಲ್ಲಿ ಇರಲಿಲ್ಲ. ಆದ್ದರಿಂದ ಕತೆಗೆ ದುಡ್ಡು ಕೊಡಬೇಡಿ. ಕತೆ ಕೇಳಿ, ಚಹಾ ಕೊಟ್ಟರೆ ಕುಡಿಯಿರಿ, ಆಮೇಲೆ ಪಾತ್ರೆಯನ್ನು ತಿರುಗಿಸಿ ಹಿಡಿಕೆ ನೋಡಿ.

ಹಿಡಿಕೆಯೇ ಯಾಕೆ ಅಂತ ಕೇಳುತ್ತೀರಿ. ನಮ್ಮ ಹಳೇ ಅಡುಗೆಮನೆಯನ್ನು ನೆನಪು ಮಾಡಿಕೊಳ್ಳಿ. ಕೊಡಕ್ಕೆ ಹಿಡಿಕೆ ಇಲ್ಲ, ಕಂಠ ಹಿಡಿದು ಸೊಂಟದ ಮೇಲೆ ಇಡುತ್ತೇವೆ. ತಂಬಿಗೆಗೆ ಇಲ್ಲ, ಅಂಚಿನ ಕೆಳಗೆ ಬೆರಳು ಕೂರುತ್ತದೆ. ಗಿಂಡಿಗೆ ಮೂತಿ ಇದೆ, ಹಿಡಿಕೆ ಸಾಮಾನ್ಯವಾಗಿ ಇರುವುದಿಲ್ಲ. ಒಂದು ಪಕ್ಕಕ್ಕೆ ಕಿವಿಯ ಹಾಗೆ ಹಿಡಿಕೆ ಇರುವ ಪಾತ್ರೆ ನಮ್ಮ ಕಡೆ ಮುಖ್ಯವಾಗಿ ಎರಡು ದಾರಿಯಿಂದ ಬಂತು. ಒಂದು ಪರ್ಷಿಯಾದ ಕಡೆಯಿಂದ ಬಂದ ಆಫ್ತಾಬಾ. ಊಟದ ಮೊದಲು, ಊಟದ ನಂತರ ಅತಿಥಿಗಳ ಕೈಗೆ ನೀರು ಹಾಕುವ ಹೂಜಿ ಅದು. ಕೆಳಗೆ ನೀರು ಹಿಡಿಯಲು ಅಗಲವಾದ ತಟ್ಟೆ ಇರುತ್ತಿತ್ತು. ಇನ್ನೊಂದು ದಾರಿ ಇಂಗ್ಲಿಷರ ಜಗ್ಗು. ಬೆಳಗಾವಿಯ ಕ್ಯಾಂಪಿನ ಬಂಗಲೆಗಳಲ್ಲಿ ಹಾಲಿಗೆ, ನೀರಿಗೆ, ಮುಖ ತೊಳೆಯಲು ಬಳಸುತ್ತಿದ್ದರು. ನೀವು ಹೇಳಿದ ಬಾಗಿದ ಮೂತಿ, ಮುಚ್ಚಳ ಎರಡೂ ಆಫ್ತಾಬಾದ ಲಕ್ಷಣ. ಆಕಾರ ಹಳೆಯದು. ಆದರೆ ಅದೇ ಆಕಾರವನ್ನು ಇವತ್ತಿಗೂ ಮೊರಾದಾಬಾದಿನಲ್ಲಿ ರಾಶಿ ರಾಶಿ ಮಾಡುತ್ತಾರೆ. ಆಕಾರ ನೋಡಿ ವಯಸ್ಸು ಹೇಳಲು ಆಗುವುದಿಲ್ಲ.

ಹಿಡಿಕೆ ಇರುವ ಪಾತ್ರೆ ನಮ್ಮಲ್ಲಿ ಕಡಿಮೆ ಆದ್ದರಿಂದ ಅದಕ್ಕೆ ಬೆಲೆ ಜಾಸ್ತಿ. ಬೆಲೆ ಜಾಸ್ತಿ ಆದ್ದರಿಂದ ಇಲ್ಲದ ಪಾತ್ರೆಗೂ ಹಿಡಿಕೆ ಬರುತ್ತದೆ. ನಾನೇ ಇದಕ್ಕೆ ಸಿಕ್ಕಿಬಿದ್ದಿದ್ದೇನೆ. ಪಾತ್ರೆ ವ್ಯಾಪಾರದ ಮನೆಯಲ್ಲಿ ಹುಟ್ಟಿ, ತಕ್ಕಡಿಯ ಪಕ್ಕದಲ್ಲೇ ಬೆಳೆದವನು ನಾನು. ಆದರೂ ವರ್ಷಗಳ ಹಿಂದೆ ವಿಜಯಪುರದ ಒಂದು ಅಂಗಡಿಯಲ್ಲಿ ಹಿತ್ತಾಳೆಯ ಚೆಂದದ ಜಗ್ಗು ಕೊಂಡೆ. ಹೊಟ್ಟೆ ನಿಜವಾಗಿಯೂ ಹಳೆಯದು, ಸುತ್ತಿಗೆ ಪೆಟ್ಟು ಒಂದೊಂದೂ ಕಾಣುತ್ತಿತ್ತು. ಮನೆಗೆ ತಂದು ಹುಣಸೆಹಣ್ಣು ಹಚ್ಚಿ ತೊಳೆದೆ. ಹಿಡಿಕೆ ಮಾತ್ರ ಬೇರೆಯೇ ಹಳದಿ ಬಣ್ಣಕ್ಕೆ ತಿರುಗಿತು. ಹಳೇ ಗಿಂಡಿಗೆ ಹೊಸ ಹಿಡಿಕೆ ಬೆಸೆದಿದ್ದರು. ಅಪ್ಪನಿಗೆ ತೋರಿಸಿದೆ. ಅವರು ಬೆರಳನ್ನು ಒಳಗೆ ಹಾಕಿ ಒಂದು ಸುತ್ತು ಆಡಿಸಿ, "ಒಳಗ ಕೈ ಹಾಕಿ ನೋಡಿದ್ದೇನು?" ಅಂದರು. ನಾನು ನೋಡಿರಲಿಲ್ಲ.

ನೀವು ನೋಡಿ. ಹಿಡಿಕೆ ಹೊಟ್ಟೆಗೆ ಸೇರುವ ಜಾಗದಲ್ಲಿ ಹೊರಗೆ ರಿವೆಟ್ ಇದ್ದರೆ ಅದರ ಇನ್ನೊಂದು ತುದಿ ಒಳಗೂ ಇರಬೇಕು. ಕೈಯಿಂದ ಬಡಿದ ರಿವೆಟ್ಟಿನ ತಲೆಗಳು ಒಂದೇ ಥರ ಇರುವುದಿಲ್ಲ. ಒಂದು ಸ್ವಲ್ಪ ಚಪ್ಪಟೆ, ಒಂದು ಸ್ವಲ್ಪ ಓರೆ. ಒಳಗಿನ ತಲೆಯ ಮೇಲೂ ಕಲಾಯಿ ಹಬ್ಬಿದ್ದರೆ ಆ ಹಿಡಿಕೆ ಕಲಾಯಿಗಿಂತ ಮೊದಲೇ ಅಲ್ಲಿತ್ತು ಅಂತ ಅರ್ಥ. ಒಳಗೆ ಕಲಾಯಿ ಸುಟ್ಟು ಕಪ್ಪಾದ ಗುಂಡು ಮಚ್ಚೆ ಕಂಡರೆ ಆಮೇಲೆ ಯಾರೋ ಬೆಸುಗೆ ಹಾಕಿದ್ದಾರೆ. ಯಾಕೆಂದರೆ ಕಲಾಯಿ ಅಂದರೆ ತವರ, ಅದು 232 ಡಿಗ್ರಿಗೇ ಕರಗುತ್ತದೆ. ಹಿತ್ತಾಳೆ ಬೆಸುಗೆಗೆ ಅದಕ್ಕಿಂತ ಎಷ್ಟೋ ಪಟ್ಟು ಕಾವು ಬೇಕು. ಒಳಗಿನ ಕಲಾಯಿ ಉಳಿಯುವ ಮಾತೇ ಇಲ್ಲ. ಹಳದಿ ಬಣ್ಣದ ಬೆಸುಗೆ ಗೆರೆ ಹಳೇ ಪದ್ಧತಿಯದ್ದು. ಬೂದು ಬಣ್ಣದ, ಉಗುರಿಗೆ ಸಿಗುವಷ್ಟು ಮೆತ್ತಗಿನ ಗೆರೆ ಅಂದರೆ ಸೀಸ ಬೆರೆತ ಅಗ್ಗದ ಬೆಸುಗೆ ಇರಬಹುದು. ಅಂಥದ್ದರಲ್ಲಿ ನೀರು ಕುಡಿಯಬೇಡಿ, ಶೋಕೇಸಿಗೆ ಇಡಿ.

ಆಮೇಲೆ ಸವೆತ. ಹಿಡಿಕೆಯ ಒಳಮೈಯನ್ನು ನಾಲ್ಕು ಬೆರಳು ದಿನಾ ಹಿಡಿದಿದ್ದರೆ ಅಲ್ಲಿ ಮೂಲೆಗಳು ಮೊಂಡಾಗಿರುತ್ತವೆ, ಮೇಲೆ ಹೆಬ್ಬೆರಳು ಕೂರುವ ಜಾಗ ನುಣುಪಾಗಿರುತ್ತದೆ. ಹೊಟ್ಟೆಗೆ ಹತ್ತಿದ ಬುಡದಲ್ಲಿ ಮಾತ್ರ ಕೈ ತಾಗುವುದಿಲ್ಲ, ಅಲ್ಲಿ ಕಪ್ಪು ಉಳಿದಿರುತ್ತದೆ. ಹೊಸದನ್ನು ಹಳೆಯದು ಮಾಡುವವರು ಇದನ್ನು ಉಲ್ಟಾ ಮಾಡುತ್ತಾರೆ. ಉಪ್ಪು, ಅಮೋನಿಯಾ, ಗಂಧಕದ ನೀರು ಹಾಕಿ ಇಡೀ ಪಾತ್ರೆಯನ್ನು ಒಂದೇ ಹದಕ್ಕೆ ಕಪ್ಪು, ಹಸಿರು ಮಾಡುತ್ತಾರೆ. ಕೈ ಹಿಡಿಯುವ ಜಾಗದಲ್ಲೂ ಕಿಲುಬು ಇದ್ದರೆ, ಆ ಪಾತ್ರೆಯನ್ನು ಯಾರೂ ಹಿಡಿದೇ ಇಲ್ಲ ಅಂತಾಯಿತಲ್ಲ! ತಳವನ್ನೂ ನೋಡಿ. ಕಟ್ಟೆಯ ಮೇಲೆ, ಹಾಸುಗಲ್ಲಿನ ಮೇಲೆ ಎಳೆದಾಡಿದ ಪಾತ್ರೆಯ ತಳದ ಬಳೆಯಲ್ಲಿ ಗೀರುಗಳು ಎಲ್ಲ ದಿಕ್ಕಿಗೂ ಇರುತ್ತವೆ. ಒಂದೇ ದಿಕ್ಕಿಗೆ ಸಾಲಾಗಿ ಇದ್ದರೆ ಅದು ಮರಳು ಕಾಗದದ ಕೆಲಸ.

ಹೊಟ್ಟೆಯ ವಿಷಯ ಬೇಗ ಹೇಳಿಬಿಡುತ್ತೇನೆ. ಮೊದಲು ಆಯಸ್ಕಾಂತ ಹಚ್ಚಿ. ತಾಮ್ರ, ಹಿತ್ತಾಳೆಗೆ ಅದು ಅಂಟುವುದಿಲ್ಲ. ಅಂಟಿದರೆ ಒಳಗೆ ಕಬ್ಬಿಣ, ಮೇಲೆ ಬರೀ ಲೇಪ. ಹಳೇ ತಾಮ್ರದ ಹೂಜಿಯನ್ನು ತಗಡು ಸುತ್ತಿ ಮಾಡಿದ್ದರೆ, ತಗಡಿನ ಎರಡು ಅಂಚುಗಳನ್ನು ಹಲ್ಲು ಹಲ್ಲಾಗಿ ಕತ್ತರಿಸಿ ಒಂದರೊಳಗೊಂದು ಕೂರಿಸಿ ಬೆಸೆದಿರುತ್ತಾರೆ. ಕೆಂಪು ತಾಮ್ರದ ಮೇಲೆ ಹಳದಿ ಹಲ್ಲಿನ ಸಾಲು ಸಣ್ಣಗೆ ಕಾಣುತ್ತದೆ. ಅದು ಕಂಡರೆ ಸಂತೋಷಪಡಿ. ಸುತ್ತಿಗೆ ಪೆಟ್ಟು ಕಂಡ ತಕ್ಷಣ ಮಾತ್ರ ಸಂತೋಷಪಡಬೇಡಿ. ಈಗ ಯಂತ್ರದಲ್ಲೇ ಪೆಟ್ಟಿನ ಗುರುತು ಒತ್ತಿ ಮಾರುತ್ತಾರೆ, ಅವು ಮೀನಿನ ಪೊರೆಯ ಹಾಗೆ ಅಳತೆ ಇಟ್ಟು ಕೂತಿರುತ್ತವೆ. ಪುಣೆಯ ತಾಂಬಟ ಆಳಿ ಎಂಬ ಓಣಿಯ ತಾಮ್ರದ ಕೆಲಸಗಾರರು ಈಗಲೂ ಕೈಯಿಂದಲೇ ಪೆಟ್ಟು ಹಾಕುತ್ತಾರೆ. ಅವರ ಹೊಸ ಹೂಜಿ ನಿಜವಾದ ಕೈಕೆಲಸ, ಆದರೆ ಹಳೆಯದಲ್ಲ. ನನ್ನನ್ನು ಕೇಳಿದರೆ ಅದನ್ನು ಹೊಸದು ಅಂತಲೇ ಕೊಳ್ಳುವುದು ಒಳ್ಳೆಯದು.

ಈಗ ನನಗೆ ಅತಿ ಇಷ್ಟವಾದ ಭಾಗ: ಹೆಸರು. ನಮ್ಮ ಕಡೆ ಪಾತ್ರೆ ಕೊಂಡರೆ ಹೆಸರು ಹಾಕಿಸದೆ ಮನೆಗೆ ತರುತ್ತಿರಲಿಲ್ಲ. ಮದುವೆ ಊಟಕ್ಕೆ ಓಣಿಯ ಪಾತ್ರೆಯೆಲ್ಲ ಒಂದೇ ಕಡೆ ಸೇರುತ್ತಿತ್ತು, ವಾಪಸ್ ಬರುವಾಗ ಗುರುತು ಬೇಕಲ್ಲ. ಬೆಳಗಾವಿಯ ಬೋಗಾರ್‌ವೇಸ್ ಎಂಬ ಹೆಸರಲ್ಲೇ ಬೋಗಾರರಿದ್ದಾರೆ, ಹಿತ್ತಾಳೆ ತಾಮ್ರದ ಪಾತ್ರೆ ಮಾರುತ್ತಿದ್ದ ಜನ ಅವರು. ಅಂಥ ಅಂಗಡಿಗಳ ಕಟ್ಟೆಯ ಮೇಲೆ ಕೂತು ಚಿಕ್ಕ ಚಾಣದಿಂದ ಟಕ್ ಟಕ್ ಅಂತ ಹೆಸರು ಹೊಡೆಯುತ್ತಿದ್ದರು. ಕೈಯಿಂದ ಹೊಡೆದ ಅಕ್ಷರ ಚುಕ್ಕೆ ಚುಕ್ಕೆಯಾಗಿ, ಚೂಪು ಗೀರಾಗಿ ಇರುತ್ತದೆ. ಕರೆಂಟಿನ ಪೆನ್ನಿನಿಂದ ಬರೆದದ್ದು ನಡುಗುವ ಒಂದೇ ಗೆರೆಯಂತೆ ಕಾಣುತ್ತದೆ.

ಹೆಸರಿನ ಲಿಪಿ, ಊರು, ಇಸವಿ ಮೂರೂ ಮಾತಾಡುತ್ತವೆ. ಮುಂಬೈ ಪ್ರಾಂತ್ಯದ ಕಾಲದಲ್ಲಿ ಇಲ್ಲಿನ ಕನ್ನಡದ ಮನೆಗಳ ಪಾತ್ರೆಯ ಮೇಲೂ ದೇವನಾಗರಿಯಲ್ಲಿ ಹೆಸರಿರುವುದು ವಿಶೇಷವಲ್ಲ. "ಶಕೆ 1842" ಅಂತ ಇದ್ದರೆ 78 ಕೂಡಿಸಿ, 1920 ಬರುತ್ತದೆ. "ಜಮಖಂಡಿ ಸಂಸ್ಥಾನ" ಅಂತ ಇದ್ದರೆ ಅದು 1948ಕ್ಕಿಂತ ಮೊದಲಿನದು, ಯಾಕೆಂದರೆ ನಿಮ್ಮ ಊರಿನ ಪಟವರ್ಧನರ ಸಂಸ್ಥಾನ ಆ ವರ್ಷ ಮುಂಬೈ ಪ್ರಾಂತ್ಯದಲ್ಲಿ ಸೇರಿತು. "ಜಿಲ್ಲಾ ಬಾಗಲಕೋಟೆ" ಅಂತ ಇದ್ದರೆ ನಗಬೇಕಷ್ಟೆ. ಆ ಜಿಲ್ಲೆ ಆದದ್ದೇ 1997ರಲ್ಲಿ. ಕೆಲವು ಪಾತ್ರೆಯ ತಳದಲ್ಲಿ ತೂಕವನ್ನೂ ಹೊಡೆದಿರುತ್ತಾರೆ. ಶೇರು, ತೊಲೆಯಲ್ಲಿ ಇದ್ದರೆ ಒಳ್ಳೆಯ ಸೂಚನೆ, 1958ರಿಂದ ಮೆಟ್ರಿಕ್ ತೂಕ ಬರತೊಡಗಿತು. ಒಂದು ಎಚ್ಚರಿಕೆ ಇದೆ. ದೇವರ ಹೆಸರಿನ ಜೊತೆ "ದೇವಸ್ಥಾನಕ್ಕೆ" ಅಂತಲೋ, ದರ್ಗಾದ ಹೆಸರೋ ಇದ್ದರೆ ಆ ಪಾತ್ರೆಯನ್ನು ಮುಟ್ಟಬೇಡಿ. ಅದು ಹೇಗೆ ಅಂಗಡಿಗೆ ಬಂತು ಅಂತ ಕೇಳಿದರೆ ಯಾರೂ ನೇರ ಉತ್ತರ ಕೊಡುವುದಿಲ್ಲ. ಹೆಸರನ್ನು ಉಜ್ಜಿ ಅಳಿಸಿದ ಜಾಗ ಕಂಡರೂ ಅಷ್ಟೇ.

ನೀರು ಕುಡಿಯಬಹುದಾ ಅಂತ ಕೇಳಿದ್ದೀರಿ. ಬೆಸುಗೆ ಸರಿಯಿದ್ದು ಒಳಗೆ ಹೊಸದಾಗಿ ಕಲಾಯಿ ಹಾಕಿಸಿದರೆ ಕುಡಿಯಬಹುದು. ಕಲಾಯಿ ಇಲ್ಲದ ತಾಮ್ರದಲ್ಲೂ ಬರೀ ನೀರನ್ನು ರಾತ್ರಿ ಇಟ್ಟು ಬೆಳಗ್ಗೆ ಕುಡಿಯುವವರಿದ್ದಾರೆ. ಆದರೆ ತಾಮ್ರ ನೀರಿಗೆ ಇಳಿಯುತ್ತದೆ ಎನ್ನುವುದು ನಿಜ. ಕುಡಿಯುವ ನೀರಿನಲ್ಲಿ ಲೀಟರಿಗೆ 2 ಮಿಲಿಗ್ರಾಂ ತಾಮ್ರದವರೆಗೆ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಮಿತಿ ಇದೆ. ಮಜ್ಜಿಗೆ, ಪಾನಕ, ನಿಂಬೆ ಶರಬತ್ತು ಹಾಕಿದರೆ ಹುಳಿಗೆ ತಾಮ್ರ ಬೇಗ ಕರಗುತ್ತದೆ, ಹೊಟ್ಟೆ ತೊಳಸುತ್ತದೆ, ವಾಂತಿಯೂ ಆಗಬಹುದು. ಒಳಗೆ ಹಸಿರು ಕಿಲುಬು ಇರುವಾಗಂತೂ ಬೇಡವೇ ಬೇಡ.

ಉದ್ದ ಮೂತಿಯ ಹೂಜಿಯಲ್ಲಿ ಇನ್ನೊಂದು ತೊಂದರೆ ಇದೆ. ಮೂತಿಯ ಒಳಗೆ ಕೈ ಹೋಗುವುದಿಲ್ಲ. ಕಲಾಯಿ ಹಾಕುವವರು ಪಾತ್ರೆಯನ್ನು ಕಾಯಿಸಿ, ನವಸಾಗರದ ಪುಡಿ ಎರಚಿ, ಬಿಳಿ ಹೊಗೆ ಏಳುವಾಗ ತವರದ ಕಡ್ಡಿ ಮುಟ್ಟಿಸಿ ಹತ್ತಿಯಿಂದ ಸವರುತ್ತಾರೆ. ಆ ಹತ್ತಿ ಹೊಟ್ಟೆಯನ್ನು ತಲುಪುತ್ತದೆ, ಮೂತಿಯ ಬಾಗನ್ನು ಸರಿಯಾಗಿ ತಲುಪುವುದು ಕಷ್ಟ. ಅದಕ್ಕೇ ಆಫ್ತಾಬಾವನ್ನು ಕೈ ತೊಳೆಯಲು ಇಡಿ, ಕುಡಿಯುವ ನೀರಿಗೆ ಬೇಡ ಎನ್ನುತ್ತೇನೆ. ಅದು ಹುಟ್ಟಿದ್ದೇ ಕೈ ತೊಳೆಯಲಿಕ್ಕೆ. ಕುಡಿಯಲು ಬೇಕೇ ಬೇಕು ಅಂದರೆ ಅಗಲ ಬಾಯಿಯ ಜಗ್ಗು ಹುಡುಕಿ. ಕಲಾಯಿಯವರಿಗೆ ಶುದ್ಧ ತವರವೇ ಬೇಕು, ಸೀಸ ಬೆರೆಸಬೇಡಿ ಅಂತ ಬಾಯಿ ಬಿಟ್ಟು ಹೇಳಿ.

ಬೆಲೆ. ಅಂಗಡಿಗೆ ಹೋಗುವ ದಿನ ಯಾವುದಾದರೂ ಪಾತ್ರೆ ಅಂಗಡಿಯಲ್ಲಿ ಎರಡು ದರ ಕೇಳಿಕೊಳ್ಳಿ: ಹಳೇ ತಾಮ್ರವನ್ನು ಎಷ್ಟಕ್ಕೆ ತೆಗೆದುಕೊಳ್ಳುತ್ತೀರಿ, ಹೊಸ ತಾಮ್ರದ ಪಾತ್ರೆಯನ್ನು ಕಿಲೋಗೆ ಎಷ್ಟಕ್ಕೆ ಕೊಡುತ್ತೀರಿ. ಮೊದಲನೆಯದನ್ನು 1.8ರಿಂದ ಗುಣಿಸಿದರೆ ಅದು ಹೂಜಿಯ ತಳದ ಬೆಲೆ, ಎಲ್ಲೂ ಕರಗಿಹೋಗದ ದುಡ್ಡು. ಎರಡನೆಯದನ್ನು ಗುಣಿಸಿದರೆ ಹೊಸದಕ್ಕೆ ಎಷ್ಟು ಅಂತ ಗೊತ್ತಾಗುತ್ತದೆ. ಹಿಡಿಕೆ ಮೂಲದ್ದು, ಹಲ್ಲಿನ ಜೋಡಣೆ ಇದೆ, ಮುಚ್ಚಳದ ಕೀಲು ಹಳೆಯದು, ಹೆಸರು ಇದೆ ಅಂತಾದರೆ ನಾನು ಹೊಸದರ ಬೆಲೆಗಿಂತ ಎರಡು ಪಟ್ಟಿನವರೆಗೆ ಹೋಗುತ್ತೇನೆ. ಇದು ನನ್ನ ಲೆಕ್ಕ, ಬೇರೆಯವರದು ಬೇರೆ ಇರಬಹುದು. ಹಿಡಿಕೆ ಬದಲಾಗಿದ್ದರೆ ಹೊಸದರ ಬೆಲೆಯನ್ನೂ ಕೊಡುವುದಿಲ್ಲ. ಈ ಲೆಕ್ಕದಲ್ಲಿ 14,000 ನನಗೆ ಕೈಗೆಟುಕದ ಮಾತು. ಅದು ಕತೆಯ ಬೆಲೆ. ಚೌಕಾಸಿಗೆ ನಾಚಿಕೆ ಬೇಡ, ಆದರೆ ಅವರ ಕತೆಯನ್ನು ಸುಳ್ಳು ಅನ್ನಬೇಡಿ. ಸುಮ್ನೆ ತಕ್ಕಡಿ ಕೇಳಿ. ತಕ್ಕಡಿ ಹೊರಬಂದ ಕೂಡಲೇ ಮಾತಿನ ದಾರಿ ಬದಲಾಗುತ್ತದೆ.

ತಂಗಿಗೆ ಕಳಿಸುವ ವಿಷಯ ಇನ್ನೂ ಮಜವಾಗಿದೆ. 1972ರ ಪುರಾತನ ವಸ್ತುಗಳ ಕಾಯ್ದೆಯ ಪ್ರಕಾರ ನೂರು ವರ್ಷಕ್ಕಿಂತ ಹಳೆಯ ಕಲೆಯ, ಕೈಕೆಲಸದ ವಸ್ತು ಪುರಾತನ ವಸ್ತು ಎನಿಸಿಕೊಳ್ಳುತ್ತದೆ. ಅದನ್ನು ಮಾರುವ ವ್ಯಾಪಾರಕ್ಕೆ ಲೈಸೆನ್ಸ್ ಬೇಕು. ಖಾಸಗಿಯವರು ಅದನ್ನು ದೇಶದ ಹೊರಗೆ ಒಯ್ಯುವಂತಿಲ್ಲ. ಅಂದರೆ ಅಂಗಡಿಯವರ ಮಾತು ನಿಜವಾದರೆ ಹೂಜಿ ತಂಗಿಯ ಹತ್ತಿರ ಹೋಗುವುದಿಲ್ಲ. ಸುಳ್ಳಾದರೆ ಹೋಗುತ್ತದೆ, ಆದರೆ 14,000 ಯಾಕೆ ಕೊಡಬೇಕು? ಇದನ್ನೇ ಅವರ ಮುಂದೆ ಮೆತ್ತಗೆ ಹೇಳಿ ನೋಡಿ. ನೂರೈವತ್ತು ವರ್ಷ ಅನ್ನೋದು ಅಲ್ಲೇ ಅರವತ್ತಕ್ಕೆ ಇಳಿಯುವುದನ್ನು ನಾನು ಕಂಡಿದ್ದೇನೆ. ಹಳೆಯದೋ ಅಲ್ಲವೋ ಅಂತ ಅನುಮಾನ ಇರುವ ವಸ್ತುವನ್ನು ಕಳಿಸುವ ಮೊದಲು ಭಾರತೀಯ ಪುರಾತತ್ವ ಇಲಾಖೆಗೆ ತೋರಿಸಿ, ಪುರಾತನ ವಸ್ತು ಅಲ್ಲ ಎಂಬ ಪ್ರಮಾಣಪತ್ರ ಪಡೆಯಬೇಕು. ಇಲ್ಲದಿದ್ದರೆ ವಿಮಾನ ನಿಲ್ದಾಣದಲ್ಲಿ ತಡೆಯಬಹುದು.

ನಿಜವಾದ ಆದಿಲ್‌ಶಾಹಿ ಕಾಲದ ವಸ್ತು ಹೇಗಿರುತ್ತದೆ ಅಂತ ಕಣ್ಣಿಗೆ ಅಭ್ಯಾಸವಾಗಬೇಕಾದರೆ ವಿಜಯಪುರಕ್ಕೆ ಹೋದಾಗ ಗೋಳಗುಮ್ಮಟದ ಎದುರಿನ ನಗಾರಖಾನೆಯ ವಸ್ತುಸಂಗ್ರಹಾಲಯದಲ್ಲಿ ಒಂದು ಗಂಟೆ ಕಳೆಯಿರಿ. ಜನ ಪಿಸುಗುಟ್ಟುವ ಗ್ಯಾಲರಿಗೆ ಓಡುವ ಅವಸರದಲ್ಲಿ ಅದನ್ನು ಬಿಟ್ಟುಬಿಡುತ್ತಾರೆ. ಅಲ್ಲಿನ ಚೀನಾ ಪಿಂಗಾಣಿ, ಆಯುಧ, ರತ್ನಗಂಬಳಿಗಳನ್ನು ನೋಡಿದ ಮೇಲೆ ಅಂಗಡಿಯ ಹೂಜಿ ಬೇರೆ ಥರ ಕಾಣುತ್ತದೆ. ಅಂದ ಹಾಗೆ, ಕಪ್ಪು ಮೈ ಮೇಲೆ ಬೆಳ್ಳಿ ಬಳ್ಳಿ ಇರುವ ಬಿದ್ರಿ ಹೂಜಿ ಎಲ್ಲಾದರೂ ಸಿಕ್ಕರೆ ಹುಣಸೆಹಣ್ಣು ಹತ್ತಿರವೂ ಒಯ್ಯಬೇಡಿ. ಅದರ ಮೈ ಬಹುಪಾಲು ಸತು, ಹುಳಿ ತಾಗಿದರೆ ಕಪ್ಪು ಹೋಗುತ್ತದೆ. ಸ್ವಲ್ಪ ಕೊಬ್ಬರಿ ಎಣ್ಣೆ ಸಾಕು.

ಎನಾಮಲ್ ಜಗ್ಗಿಗೆ ಬರೋಣ. ನನಗೆ ಮನಸ್ಸು ಅದರ ಕಡೆಗೇ ಇದೆ. ಎನಾಮಲ್ ಅಂದರೆ ಕಬ್ಬಿಣದ ತಗಡಿನ ಮೇಲೆ ಕರಗಿಸಿ ಕೂರಿಸಿದ ಗಾಜು. ಹೊಡೆತ ಬಿದ್ದಲ್ಲಿ ಚಕ್ಕೆ ಏಳುತ್ತದೆ, ಅಲ್ಲಿ ತುಕ್ಕು ಹಿಡಿಯುತ್ತದೆ. ಹೊರಗಿನ ಚಕ್ಕೆಗೆ ಚಿಂತೆ ಬೇಡ, ಅದೇ ಅದರ ಚೆಂದ. ಒಳಗೆ ಅಥವಾ ಬಾಯಿಯ ಅಂಚಿನಲ್ಲಿ ಚಕ್ಕೆ ಎದ್ದಿದ್ದರೆ ಹೂವಿಗೆ ಮಾತ್ರ ಬಳಸಿ, ಗಾಜಿನ ಚೂರು ನೀರಿಗೆ ಬೀಳುತ್ತದೆ. ಇಲ್ಲೂ ಹಿಡಿಕೆಯ ಬುಡ ನೋಡಿ, ಬಿರುಕು ಮೊದಲು ಬರುವುದು ಅಲ್ಲೇ. ತಳವನ್ನು ತಿರುಗಿಸಿ ಮುದ್ರೆ ಓದಿ. ಜೆಕೊಸ್ಲೊವಾಕಿಯಾ ಅಂತ ಇದ್ದರೆ ಅದು 1918 ಮತ್ತು 1992ರ ನಡುವೆ ಮಾಡಿದ್ದು, ಆ ದೇಶ ಇದ್ದದ್ದೇ ಅಷ್ಟು ವರ್ಷ. ಮುದ್ರೆ ಇಲ್ಲ, ತೂಕ ಹಗುರ, ನೀಲಿ ಅಂಚು ಅಚ್ಚುಕಟ್ಟಾಗಿ ಒಂದೇ ದಪ್ಪ ಇದೆ ಅಂದರೆ ಹೊಸದೇ ಇರಬಹುದು, ಆಗ 1,800 ಜಾಸ್ತಿ. ಮುದ್ರೆ ಇದ್ದು ಒಳಗೆ ಹಾನಿ ಇಲ್ಲದಿದ್ದರೆ ಸಾವಿರಕ್ಕೆ ಕೇಳಿ, ಸಾವಿರದ ಇನ್ನೂರಕ್ಕೆ ಮುಗಿಸಿ. ಅಜ್ಜಿಯ ಮನೆಯಲ್ಲಿದ್ದ ಜಗ್ಗಿಗೆ ಏನಾಯಿತು ಅಂತಲೂ ಒಮ್ಮೆ ವಿಚಾರಿಸಿ. ಸ್ಟೀಲ್ ಬಂದ ಮೇಲೆ ತಾಮ್ರ, ಹಿತ್ತಾಳೆ ತೂಕಕ್ಕೆ ಹೋದವು, ಎನಾಮಲ್ಲಿಗೆ ತೂಕದ ಬೆಲೆ ಇಲ್ಲದ್ದರಿಂದ ಎಷ್ಟೋ ಮನೆಯಲ್ಲಿ ಹಿತ್ತಲಲ್ಲೋ ಅಟ್ಟದಲ್ಲೋ ಉಳಿದುಕೊಂಡಿವೆ. ಸೋದರಮಾವನ ಮನೆಯ ಅಟ್ಟಕ್ಕೆ ಏಣಿ ಹಾಕುವುದು ಬೆಳಗಾವಿ ಬಸ್ಸಿಗಿಂತ ಅಗ್ಗ.

ತಾಮ್ರದ ಹೂಜಿಯ ಆಸೆ ಇನ್ನೂ ಇದ್ದರೆ ಮುಂದಿನ ಸಲ ಮೊಬೈಲಿನ ಟಾರ್ಚ್ ಹಾಕಿ ಎರಡು ಫೋಟೋ ತೆಗೆದು ಕಳಿಸಿ. ಒಂದು, ಹಿಡಿಕೆ ಹೊಟ್ಟೆಗೆ ಸೇರುವ ಜಾಗ ಹೊರಗಿನಿಂದ. ಇನ್ನೊಂದು ಅದೇ ಜಾಗ, ಮುಚ್ಚಳ ತೆಗೆದು ಒಳಗಿನಿಂದ. ಮೂತಿಯ ಫೋಟೋ, ಮುಚ್ಚಳದ ಫೋಟೋ ಬೇಡ.